ಅರವತ್ತೊಂದರ ಭಾರ: ರೋಜರ್ ಮ್ಯಾರಿಸ್

ಅಮೆರಿಕದ ಬೇಸ್‌ಬಾಲ್ ಇತಿಹಾಸದಲ್ಲಿ 1961ನೆಯ ಇಸವಿಗೂ 61 ಎಂಬ ಸಂಖ್ಯೆಗೂ ಬಿಡಿಸಲಾಗದ ನಂಟು. ಆ ವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡದ ರೋಜರ್ ಮ್ಯಾರಿಸ್ ಒಂದೇ ಋತುವಿನಲ್ಲಿ 61 ಹೋಂ ರನ್ ಬಾರಿಸಿ, 34 ವರ್ಷಗಳಿಂದ ಯಾರಿಗೂ ದಾಟಲಾಗದ ದಾಖಲೆಯನ್ನು ದಾಟಿದರು. ಅವರು ಮೋಸ ಮಾಡಿದರೆಂದು ಯಾರೂ ದೂರಲಿಲ್ಲ. ಹಾಗಿದ್ದೂ ಆ ದಾಖಲೆ ಮೂವತ್ತು ವರ್ಷ ಪೂರ್ಣ ಮಾನ್ಯತೆ ಇಲ್ಲದೆ ನಿಂತಿತ್ತು. ಮುಂದೆ ಅವರ ಕೈಮೂಳೆ ಮುರಿದಾಗ ಆ ನೋವನ್ನೂ ಜನ ಸುಲಭವಾಗಿ ನಂಬಲಿಲ್ಲ.

ಬೇಸ್‌ಬಾಲ್ ನಮ್ಮ ಶಾಲಾ ಮೈದಾನಗಳ ಆಟವಲ್ಲ; ಆದರೆ ಕ್ರಿಕೆಟ್ ಬಲ್ಲ ಮಕ್ಕಳಿಗೆ ಅದು ತೀರ ಅಪರಿಚಿತವೂ ಆಗಲಾರದು. ದಾಂಡಿಗನು ಚೆಂಡನ್ನು ಬೇಲಿಯಾಚೆಗೆ ಹೊಡೆದರೆ ನಮ್ಮಲ್ಲಿ ಸಿಕ್ಸರ್. ಅಲ್ಲಿ ಹೋಂ ರನ್. ಸಿಕ್ಸರ್‌ಗಿಂತ ಅದು ಬಹಳ ಅಪರೂಪ. ಗುಂಡಗಿನ ಬ್ಯಾಟಿನಿಂದ, ಪುಟಿಯದೆ ನೇರವಾಗಿ ಬರುವ ಎಸೆತವನ್ನು ಎದುರಿಸಬೇಕು. ಒಳ್ಳೆಯ ದಾಂಡಿಗನೂ ಋತುವೊಂದರಲ್ಲಿ ಮೂವತ್ತು ಹೊಡೆದರೆ ಹೆಮ್ಮೆಪಡುತ್ತಾನೆ. 1927ರಲ್ಲಿ ಬೇಬ್ ರೂತ್ 60 ಹೊಡೆದದ್ದು ಅಮೆರಿಕನ್ನರ ಪಾಲಿಗೆ ಬರಿಯ ಅಂಕಿಯಾಗಿರದೆ ಒಂದು ಪುರಾಣವೇ ಆಗಿತ್ತು.

ರೋಜರ್ ಮ್ಯಾರಿಸ್ ಹುಟ್ಟಿದ್ದು 1934ರ ಸೆಪ್ಟೆಂಬರ್ 10ರಂದು, ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಗಣಿ ಊರಿನಲ್ಲಿ. ಮನೆತನದ ಮೂಲ ಕ್ರೊಯೇಷಿಯಾ. ತಂದೆ ರೈಲ್ವೆ ನೌಕರ. ಬಾಲ್ಯವೂ ಶಾಲಾ ದಿನಗಳೂ ಕಳೆದದ್ದು ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಮತ್ತು ಫಾರ್ಗೋ ಊರುಗಳಲ್ಲಿ. ಒಂದು ವರ್ಷ ಹಿರಿಯನಾದ ಅಣ್ಣ ರೂಡಿ ಆಟದಲ್ಲಿ ಅವರಿಗೆ ಸಮಜೋಡಿ. 1951ರಲ್ಲಿ ಆ ಅಣ್ಣನಿಗೆ ಪೋಲಿಯೊ ತಗುಲಿತು. ಅದೇ ವರ್ಷ ರೋಜರ್ ಶಾಲಾ ಫುಟ್‌ಬಾಲ್ ಪಂದ್ಯವೊಂದರಲ್ಲಿ, ಎದುರಾಳಿಗಳಿಂದ ಬಂದ ಚೆಂಡನ್ನು ಹಿಡಿದು ಓಡಿ ನಾಲ್ಕು ಬಾರಿ ಅಂಕ ಗಳಿಸಿದರು. ಒಕ್ಲಹೋಮ ವಿಶ್ವವಿದ್ಯಾಲಯವು ಫುಟ್‌ಬಾಲಿಗಾಗಿ ಅವರನ್ನು ಕರೆಯಿತು. ಅವರು ಅಲ್ಲಿ ನಿಲ್ಲದೆ ಬೇಸ್‌ಬಾಲನ್ನು ಆರಿಸಿಕೊಂಡರು.

1957ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮೂಲಕ ದೊಡ್ಡ ಲೀಗಿಗೆ ಬಂದು, ಮರುವರ್ಷ ಕಾನ್ಸಸ್ ಸಿಟಿಗೆ ಹೋಗಿ, 1959ರ ಡಿಸೆಂಬರಿನಲ್ಲಿ ಯಾಂಕೀಸ್ ತಂಡಕ್ಕೆ ವಿನಿಮಯವಾದರು. 1960ರಲ್ಲಿ 39 ಹೋಂ ರನ್ ಬಾರಿಸಿ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಆದರೂ ನ್ಯೂಯಾರ್ಕಿನ ಜನಕ್ಕೆ ಅವರು ಹೊರಗಿನವರಾಗಿಯೇ ಉಳಿದರು. ಮಿತಭಾಷಿ, ಪತ್ರಕರ್ತರು ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟು ಸುಮ್ಮನಾಗುವ ಸ್ವಭಾವ. ಆ ನಗರಕ್ಕೆ ಅದು ಒಗ್ಗಲಿಲ್ಲ. ತಂಡದ ಕಣ್ಮಣಿ ಮಿಕಿ ಮ್ಯಾಂಟಲ್. 1961ರಲ್ಲಿ ಅವರಿಬ್ಬರೂ ರೂತ್ ದಾಖಲೆಯ ಬೆನ್ನು ಹತ್ತಿದಾಗ, ದಾಖಲೆ ಮುರಿಯುವುದೇ ಆದರೆ ಮ್ಯಾಂಟಲ್ ಮುರಿಯಲಿ ಎಂಬುದು ಬಹುಜನರ ಬಯಕೆಯಾಗಿತ್ತು. ಇಬ್ಬರಿಗೂ ಜಗಳವೆಂದು ಪತ್ರಿಕೆಗಳು ಬರೆದವು. ವಾಸ್ತವದಲ್ಲಿ ಅವರು ಕ್ವೀನ್ಸ್ ಪ್ರದೇಶದ ಒಂದೇ ಬಾಡಿಗೆ ಮನೆಯಲ್ಲಿ ಒಟ್ಟಿಗೆ ವಾಸವಾಗಿದ್ದರು.

ಆ ವರ್ಷ ಅಮೆರಿಕನ್ ಲೀಗಿಗೆ ಎರಡು ಹೊಸ ತಂಡಗಳು ಸೇರಿ, ಋತುವಿನ ಪಂದ್ಯಗಳ ಸಂಖ್ಯೆ 154ರಿಂದ 162ಕ್ಕೆ ಏರಿತ್ತು. ಜುಲೈ 17ರಂದು, ಋತು ಅರ್ಧ ದಾಟಿದ ಮೇಲೆ, ಬೇಸ್‌ಬಾಲ್ ಆಯುಕ್ತ ಫೋರ್ಡ್ ಫ್ರಿಕ್ ಒಂದು ತೀರ್ಮಾನ ಹೊರಡಿಸಿದರು. 154 ಪಂದ್ಯಗಳೊಳಗೆ ಮುರಿದರೆ ಮಾತ್ರ ರೂತ್ ದಾಖಲೆ ಮುರಿದಂತೆ. ಅನಂತರ ಮುರಿದರೆ ಪುಸ್ತಕದಲ್ಲಿ ಬೇರೆ ಗುರುತಿನೊಂದಿಗೆ ನಮೂದಿಸಬೇಕು. ಈ ಫ್ರಿಕ್ ಹಿಂದೆ ಪತ್ರಕರ್ತರಾಗಿದ್ದಾಗ ರೂತ್ ಹೆಸರಿನಲ್ಲಿ ಲೇಖನಗಳನ್ನು ಬರೆದುಕೊಡುತ್ತಿದ್ದವರು, ರೂತ್ ಅವರ ಆಪ್ತರು. ಓಟ ಅರ್ಧಕ್ಕೆ ಬಂದಾಗ ಗೆರೆಯನ್ನು ಸರಿಸುವುದು ನ್ಯಾಯವೇ ಎಂದು ಕೇಳುವವರು ಆಗಲೂ ಇದ್ದರು. ಕೇಳುವ ಹಕ್ಕು ಅವರಿಗಿತ್ತು ಎಂದೇ ಈ ಲೇಖಕನ ಅಭಿಪ್ರಾಯ.

ಲೆಕ್ಕದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. 1927ರಲ್ಲಿ ರೂತ್ ಆಡಿದ್ದು 151 ಪಂದ್ಯ. 1961ರಲ್ಲಿ ಮ್ಯಾರಿಸ್ ಆಡಿದ್ದು 161. ಹತ್ತು ಪಂದ್ಯಗಳ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಆದರೆ ಬ್ಯಾಟ್ ಹಿಡಿದು ಎಸೆತಗಾರನ ಮುಂದೆ ನಿಂತ ಸರದಿಗಳನ್ನು ಎಣಿಸಿದರೆ ರೂತ್‌ಗೆ 691, ಮ್ಯಾರಿಸ್‌ಗೆ 698. ವ್ಯತ್ಯಾಸ ಕೇವಲ ಏಳು. ಹೊಸ ತಂಡಗಳಿಂದ ಎಸೆತಗಾರರ ಗುಣಮಟ್ಟ ಇಳಿದಿತ್ತು ಎಂಬ ವಾದವೂ ಇತ್ತು, ಅದನ್ನು ತಳ್ಳಿಹಾಕಲಾಗದು. ಆದರೆ ರೂತ್ ಕಾಲದ ದೊಡ್ಡ ಲೀಗುಗಳಲ್ಲಿ ಕಪ್ಪು ಜನಾಂಗದ ಆಟಗಾರರಿಗೆ ಪ್ರವೇಶವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1947ರಲ್ಲಿ. ದೇಶದ ಅತ್ಯುತ್ತಮ ಎಸೆತಗಾರರಲ್ಲಿ ಹಲವರನ್ನು ರೂತ್ ಲೀಗ್ ಪಂದ್ಯಗಳಲ್ಲಿ ಎದುರಿಸಲೇ ಇಲ್ಲ. ಅದಕ್ಕಾಗಿ ಅವರ 60ರ ಪಕ್ಕದಲ್ಲಿ ಗುರುತು ಹಾಕಬೇಕೆಂದು ಯಾವ ಆಯುಕ್ತರೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಮ್ಯಾಂಟಲ್ ಸ್ಪರ್ಧೆಯಿಂದ ಹೊರಬಿದ್ದರು. ಶೀತದಿಂದ ಬಳಲುತ್ತಿದ್ದ ಅವರು ನ್ಯೂಯಾರ್ಕಿನ ವೈದ್ಯ ಮ್ಯಾಕ್ಸ್ ಜೇಕಬ್‌ಸನ್ ಅವರಿಂದ ಚುಚ್ಚುಮದ್ದು ಹಾಕಿಸಿಕೊಂಡರು. ಚುಚ್ಚಿದ ಜಾಗ ಕೀತು ಸೊಂಟದ ಬಳಿ ಕುರುವಾಯಿತು. ಅದನ್ನು ಕೊಯ್ದು ತೆಗೆಯಬೇಕಾಯಿತು. 54ಕ್ಕೆ ಅವರ ಎಣಿಕೆ ನಿಂತಿತು. ಗಣ್ಯರಿಗೆ ಉತ್ತೇಜಕಗಳನ್ನು ಬೆರೆಸಿದ ಚುಚ್ಚುಮದ್ದು ಕೊಡುತ್ತಿದ್ದ ಆ ವೈದ್ಯರ ಪರವಾನಗಿಯನ್ನು 1975ರಲ್ಲಿ ರದ್ದುಪಡಿಸಲಾಯಿತು. ಮ್ಯಾಂಟಲ್‌ಗೆ ಕೊಟ್ಟ ಮದ್ದಿನಲ್ಲಿ ಏನಿತ್ತು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದೇ ವರ್ಷ ಡೆಟ್ರಾಯಿಟ್ ತಂಡದ ನಾರ್ಮ್ ಕ್ಯಾಶ್ ಲೀಗಿನ ಶ್ರೇಷ್ಠ ಬ್ಯಾಟಿಂಗ್ ಸರಾಸರಿ ಸಾಧಿಸಿದರು. ಬ್ಯಾಟಿನ ಒಡಲನ್ನು ಕೊರೆದು ಬೆಂಡು ತುಂಬಿಸಿ ಆಡಿದ್ದಾಗಿ ಅವರೇ ಮುಂದೆ ಒಪ್ಪಿಕೊಂಡರು. ಹಳೆಯ ಕಾಲವೆಲ್ಲ ಶುದ್ಧ, ಕೆಡುಕೆಲ್ಲ ಈಚಿನದು ಎಂದು ಭಾವಿಸುವವರು 1961ನ್ನು ಒಮ್ಮೆ ಸೂಕ್ಷ್ಮವಾಗಿ ನೋಡಬೇಕು.

ಈಗ ಮ್ಯಾರಿಸ್ ಒಬ್ಬರೇ ಉಳಿದರು. ಹೆಂಡತಿ ಮಕ್ಕಳು ದೂರದ ಮಿಸ್ಸೌರಿಯಲ್ಲಿ. ಪ್ರತಿ ಪಂದ್ಯದ ಮುಂಚೆ, ಪ್ರತಿ ಪಂದ್ಯದ ಅನಂತರ ಪತ್ರಕರ್ತರ ಮುತ್ತಿಗೆ. ಅಂಚೆಯಲ್ಲಿ ನಿಂದೆಯ ಪತ್ರಗಳು. ತಲೆಗೂದಲು ಅಲ್ಲಲ್ಲಿ ಹಿಡಿಹಿಡಿಯಾಗಿ ಉದುರತೊಡಗಿತು. ಸೆಪ್ಟೆಂಬರ್ 20ರಂದು ಬಾಲ್ಟಿಮೋರ್ ನಗರದಲ್ಲಿ ಫ್ರಿಕ್ ಎಳೆದ ಗೆರೆಯ ಕೊನೆಯ ಪಂದ್ಯ. ಆಗ ಅವರ ಬಳಿ 58 ಇದ್ದವು. ಆರಂಭದಲ್ಲಿಯೇ 59ನೆಯದು ಬಂತು. ಕೊನೆಯ ಸರದಿಯಲ್ಲಿ ಹಾಯ್ಟ್ ವಿಲ್‌ಹೆಲ್ಮ್ ಎಂಬ ಅನುಭವಿ, ಗಾಳಿಯಲ್ಲಿ ತೊನೆಯುತ್ತ ಬರುವ ತಮ್ಮ ವಿಶಿಷ್ಟ ಎಸೆತವನ್ನು ಎಸೆದರು. ಅರೆಮನಸ್ಸಿನಿಂದ ಬೀಸಿದ ಬ್ಯಾಟಿಗೆ ತಗುಲಿ ಚೆಂಡು ನೆಲದ ಮೇಲೆ ಉರುಳಿತು. ಗೆರೆಯೊಳಗೆ ಒಂದು ಕಡಿಮೆಯಾಯಿತು.

ಆರು ದಿನಗಳ ಬಳಿಕ 60 ಬಂತು. ಅಕ್ಟೋಬರ್ 1ರಂದು, ಋತುವಿನ ಕೊನೆಯ ಪಂದ್ಯದಲ್ಲಿ, ಬಾಸ್ಟನ್ ತಂಡದ ಟ್ರೇಸಿ ಸ್ಟಾಲರ್ಡ್ ಎಸೆದ ಚೆಂಡು ಬಲಭಾಗದ ಪ್ರೇಕ್ಷಕರ ನಡುವೆ ಬಿದ್ದಾಗ 61 ಆಯಿತು. ಪಂದ್ಯದಲ್ಲಿ ಬಂದ ಅಂಕ ಅದೊಂದೇ. ಆ ಮಹಾ ಕ್ರೀಡಾಂಗಣದಲ್ಲಿ ಅಂದು ಇದ್ದವರು 23,154 ಜನ; ಆಸನಗಳಲ್ಲಿ ಹೆಚ್ಚಿನವು ಖಾಲಿ. ಒಳಗೆ ಬಂದು ಕುಳಿತ ಮ್ಯಾರಿಸ್ ಅವರನ್ನು ಜೊತೆಯ ಆಟಗಾರರೇ ದೂಡಿ, ಜನರಿಗೆ ಟೊಪ್ಪಿಗೆ ಎತ್ತಿ ವಂದಿಸಿ ಬರುವಂತೆ ಮಾಡಿದರು. ಚೆಂಡು ಸಿಕ್ಕಿದ್ದು ಹತ್ತೊಂಬತ್ತು ವರ್ಷದ ತರುಣನಿಗೆ. ಅದಕ್ಕೆ 5,000 ಡಾಲರ್ ಬಹುಮಾನವಿತ್ತು. ಆತ ಚೆಂಡನ್ನು ಮ್ಯಾರಿಸ್ ಅವರಿಗೇ ಕೊಡಲು ಬಂದನು. ಅವರು ಅದನ್ನು ಇಟ್ಟುಕೊಂಡು ಹಣ ಮಾಡಿಕೊಳ್ಳುವಂತೆ ಅವನಿಗೇ ಬಿಟ್ಟರು.

ಆ ವರ್ಷವೂ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ ಬಂತು. 1962ರಲ್ಲಿ 33 ಹೋಂ ರನ್ ಹೊಡೆದರು. ಬೇರೆಯವರಿಗಾದರೆ ಅದು ಯಶಸ್ಸು. ಅವರಿಗೆ ಸೋಲೆಂದು ಪತ್ರಿಕೆಗಳು ತೀರ್ಪಿತ್ತವು. 1963ರಲ್ಲಿ ಗಾಯಗಳಿಂದಾಗಿ 90 ಪಂದ್ಯಗಳನ್ನಷ್ಟೇ ಆಡಲಾಯಿತು.

1965ರ ಜೂನಿನಲ್ಲಿ ಬಲಗೈಗೆ ಪೆಟ್ಟಾಯಿತು. ಕೆಲವು ದಿನಗಳಲ್ಲಿ ಬ್ಯಾಟ್ ಬೀಸುವಾಗ ಕೈಯೊಳಗೆ ಏನೋ ಕಿತ್ತಂತಾಯಿತು. ಹಿಡಿತ ಹೋಯಿತು. ಮುರಿತವೇನೂ ಇಲ್ಲವೆಂದೇ ತಂಡದ ಕಡೆಯಿಂದ ಹೇಳಲಾಗುತ್ತಿತ್ತು. ಇಂದು ನಾಳೆ ಆಡಬಹುದೆಂಬ ನಿರೀಕ್ಷೆ ಮುಂದುವರಿಯಿತು. ಹೊರಗೆ ನಿಂತವರ ಕಣ್ಣಿಗೆ ಅವರು ನೆಪ ಹೂಡುವವರಂತೆ ಕಂಡರು. ಋತು ಮುಗಿಯುತ್ತ ಬಂದಾಗ ಅಂಗೈಯ ಬುಡದಲ್ಲಿರುವ ಸಣ್ಣ ಮೂಳೆಯೊಂದು ಮುರಿದಿರುವುದು ಪತ್ತೆಯಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಆ ವರ್ಷ ಆಡಿದ್ದು 46 ಪಂದ್ಯ, ಹೋಂ ರನ್ 8. ಬೆರಳುಗಳಿಗೆ ಹಳೆಯ ಬಲ ಮರಳಲಿಲ್ಲ. ಚೆಂಡನ್ನು ಬೇಲಿಯಾಚೆ ಕಳುಹಿಸುವ ಶಕ್ತಿ ಕೈಯ ಕೊನೆಯ ಹಿಡಿತದಲ್ಲಿರುತ್ತದೆ; ಅದು ಹೋದ ಮೇಲೆ ಅವರು ಬೇರೆಯೇ ಆಟಗಾರರಾದರು. ದೇಹ ಮೇಲಿಂದ ಗಟ್ಟಿಮುಟ್ಟಾಗಿ ಕಾಣುವಾಗ ಒಳಗಿನ ಮುರಿತವನ್ನು ಯಾರಿಗೆ ತೋರಿಸುವುದು? ಬೇಸ್‌ಬಾಲಿನ ಕತೆಗಳಲ್ಲಿ ಮ್ಯಾಂಟಲ್ ಅವರ ಗಾಯಗಳು ವೀರಗಾಥೆಯ ಭಾಗವಾದವು. ಮ್ಯಾರಿಸ್ ಅವರ ಗಾಯ ಬಹುಕಾಲ ಸಬೂಬು ಎನಿಸಿಕೊಂಡಿತು.

1966ರ ಡಿಸೆಂಬರಿನಲ್ಲಿ ಯಾಂಕೀಸ್ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ಜನ ಅವರನ್ನು ಪ್ರೀತಿಯಿಂದ ಕಂಡರು. ದೊಡ್ಡ ಹೊಡೆತಗಳ ಬದಲು ಎಚ್ಚರದ ಆಟವಾಡಿ 1967ರ ವಿಶ್ವ ಸರಣಿ ಗೆಲುವಿನಲ್ಲಿ ಪಾಲುಗೊಂಡರು. 1968ರಲ್ಲಿ ನಿವೃತ್ತಿ; ಒಟ್ಟು ಹೋಂ ರನ್ 275. ಆಮೇಲೆ ಫ್ಲಾರಿಡದ ಗೇನ್ಸ್‌ವಿಲ್‌ನಲ್ಲಿ ಬಿಯರ್ ವಿತರಣೆಯ ವ್ಯಾಪಾರ. ಬಹಳ ವರ್ಷ ಅವರು ಯಾಂಕೀಸ್ ಅಂಗಳದತ್ತ ಸುಳಿಯಲಿಲ್ಲ. 1984ರಲ್ಲಿ ಆ ತಂಡ ಅವರ 9ನೆಯ ಸಂಖ್ಯೆಯ ಅಂಗಿಯನ್ನು ಮುಂದೆ ಯಾರಿಗೂ ಕೊಡದಿರಲು ನಿರ್ಧರಿಸಿ ಗೌರವಿಸಿತು. 1985ರ ಡಿಸೆಂಬರ್ 14ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಫಾರ್ಗೋದಲ್ಲಿ ಸಮಾಧಿ ಮಾಡಲಾಯಿತು.

ಅವರ ದಾಖಲೆ ಬೇರೆ ಸಾಲಿನಿಂದ ಮುಖ್ಯ ಸಾಲಿಗೆ ಬಂದದ್ದು 1991ರಲ್ಲಿ, ಆಯುಕ್ತ ಫೇ ವಿನ್ಸೆಂಟ್ ಅವರ ಸಮಿತಿಯ ನಿರ್ಣಯದಿಂದ. ಜನರ ಬಾಯಲ್ಲಿದ್ದ ನಕ್ಷತ್ರ ಚಿಹ್ನೆ ಪುಸ್ತಕದಲ್ಲಿ ಎಂದೂ ಅಚ್ಚಾಗಿರಲಿಲ್ಲ ಎಂಬುದು ಬೇರೆ ಮಾತು. ಅಚ್ಚಾಗದ ಆ ಚಿಹ್ನೆಯೇ ಅವರನ್ನು ಬದುಕಿಡೀ ಹಿಂಬಾಲಿಸಿತು.

1998ರ ಸೆಪ್ಟೆಂಬರ್ 8ರಂದು ಮಾರ್ಕ್ ಮೆಕ್‌ಗ್ವಾಯರ್ 62ನೆಯದನ್ನು ಹೊಡೆದಾಗ ಮ್ಯಾರಿಸ್ ಅವರ ಮಕ್ಕಳು ಪ್ರೇಕ್ಷಕರ ಸಾಲಿನಲ್ಲಿದ್ದರು. ತಂದೆಗೆ ದಕ್ಕದ ಸಂಭ್ರಮವನ್ನು ಅವರು ಬೇರೊಬ್ಬರಿಗೆ ದಕ್ಕುವಾಗ ಕಂಡರು. ಆ ವರ್ಷ ಮೆಕ್‌ಗ್ವಾಯರ್ 70, ಸ್ಯಾಮಿ ಸೋಸಾ 66. 2001ರಲ್ಲಿ ಬ್ಯಾರಿ ಬಾಂಡ್ಸ್ 73. ಅನಂತರ ಸಂಶಯಗಳು ಒಂದೊಂದಾಗಿ ಮೇಲೆದ್ದವು. 2003ರಲ್ಲಿ ಸೋಸಾ ಅವರ ಬ್ಯಾಟ್ ಮುರಿದಾಗ ಒಳಗೆ ಬೆಂಡು ಕಂಡಿತು. 2010ರಲ್ಲಿ ಮೆಕ್‌ಗ್ವಾಯರ್ ತಾವು ಉದ್ದೀಪನ ಮದ್ದು ಸೇವಿಸಿದ್ದನ್ನು ಒಪ್ಪಿಕೊಂಡರು. ಗಾಯಗಳಿಂದ ಚೇತರಿಸಿಕೊಳ್ಳಲು ಸೇವಿಸಿದ್ದೆಂಬುದು ಅವರ ಸಮರ್ಥನೆ. 1993 ಮತ್ತು 1994ರಲ್ಲಿ ಅವರು ನಿಜಕ್ಕೂ ಗಾಯಗೊಂಡು ಹೆಚ್ಚಿನ ಪಂದ್ಯಗಳನ್ನು ಕಳೆದುಕೊಂಡಿದ್ದರು. ತಿಳಿದು ಸೇವಿಸಲಿಲ್ಲವೆಂದು ಬಾಂಡ್ಸ್ ವಾದಿಸಿದರು; ತನಿಖೆಗೆ ಅಡ್ಡಿಪಡಿಸಿದರೆಂಬ ಶಿಕ್ಷೆಯೂ 2015ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು. ಆಟಗಾರರ ಪರೀಕ್ಷೆಗೆ ದಂಡನೆಯ ಬಲ ಬಂದದ್ದೇ 2004ರಲ್ಲಿ. ಅಧಿಕೃತ ಪಟ್ಟಿಯ ತುದಿಯಲ್ಲಿ ಇಂದಿಗೂ 73 ನಿಂತಿದೆ, ಯಾವ ಗುರುತೂ ಇಲ್ಲದೆ.

2022ರ ಅಕ್ಟೋಬರ್ 4ರಂದು ಯಾಂಕೀಸ್ ತಂಡದ ಆರನ್ ಜಡ್ಜ್ 62 ಹೊಡೆದು ಅಮೆರಿಕನ್ ಲೀಗಿನಲ್ಲಿ ಮ್ಯಾರಿಸ್ ಅವರನ್ನು ದಾಟಿದರು. ನಿಜವಾದ ದಾಖಲೆ ಇದೇ ಎಂದು ಮ್ಯಾರಿಸ್ ಅವರ ಮಗನೇ ಸಾರಿದರು. ಒಂದು ಕಾಲಕ್ಕೆ ಅನುಮಾನದ ಸಾಲಿನಲ್ಲಿದ್ದ 61 ಈಗ ಶುದ್ಧತೆಯ ಅಳತೆಗೋಲಾಗಿ ಬಳಕೆಯಾಗುತ್ತಿತ್ತು.

ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಮ್ಯಾರಿಸ್ ಅವರಿಗೆ ಸ್ಥಾನ ದೊರೆತಿಲ್ಲ. ಬರಹಗಾರರ ಮತದಾನದಲ್ಲಿ ಹದಿನೈದು ಬಾರಿ ಅವರ ಹೆಸರಿತ್ತು. ಶೇಕಡ 75 ಮತ ಬೇಕಿದ್ದಲ್ಲಿ ಹೆಚ್ಚೆಂದರೆ 43 ಬಂತು. ಅವರಿಗಾಗಿ ಒಂದು ವಸ್ತುಸಂಗ್ರಹಾಲಯ ಇರುವುದು ಫಾರ್ಗೋ ನಗರದ ಮಾರಾಟ ಮಳಿಗೆಗಳ ಸಂಕೀರ್ಣವೊಂದರಲ್ಲಿ. 1984ರಲ್ಲಿ ಅದು ತೆರೆಯುವಾಗ ಅವರು ಕೇಳಿದ್ದು ಇಷ್ಟೇ: ಜನ ಓಡಾಡುವ ಜಾಗದಲ್ಲಿರಬೇಕು, ನೋಡಲು ಬಂದವರಿಂದ ಹಣ ಪಡೆಯಬಾರದು.