ದನಗಳಿಗಾಗಿ ದೇಶಗಳನ್ನು ಒಂದು ಮಾಡಿದ ಡಾಕ್ಟರ್

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ದನಗಳಿಗೆ ದೊಡ್ಡರೋಗ ಎಂಬ ಕಾಯಿಲೆ ಬರುತ್ತಿತ್ತು. ಜ್ವರ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ಬಂದರೆ ಹಟ್ಟಿಯೇ ಖಾಲಿ. ಈಗ ಆ ರೋಗ ಲೋಕದಲ್ಲೇ ಇಲ್ಲ. ಅದಕ್ಕೆ ದಾರಿ ಮಾಡಿದವರಲ್ಲಿ ಒಬ್ಬರು ಎಮ್ಮಾನುಯೆಲ್ ಲೆಕ್ಲೆಂಶ್.

ಇವರು 1861ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದರು. ಚೆನ್ನಾಗಿ ಓದಿ ದನದ ಡಾಕ್ಟರಾದರು. ತುಲೂಸ್ ಎಂಬ ಊರಿನ ಪಶುವೈದ್ಯ ಕಾಲೇಜಿನಲ್ಲಿ ಪ್ರೊಫೆಸರಾದರು. 1896ರಲ್ಲಿ ನೊಕಾರ್ ಎಂಬವರ ಜೊತೆ ಸೇರಿ ಪ್ರಾಣಿಗಳ ಅಂಟುರೋಗಗಳ ಬಗ್ಗೆ ಪುಸ್ತಕ ಬರೆದರು. ಮುಂದೆ ಸರಕಾರದ ಪಶುವೈದ್ಯ ಇಲಾಖೆಯ ಮುಖ್ಯಸ್ಥರಾದರು.

1920ರಲ್ಲಿ ನಮ್ಮ ಭಾರತದ ದನಗಳನ್ನು ಹಡಗಿನಲ್ಲಿ ಬ್ರೆಜಿಲಿಗೆ ಕಳಿಸಿದರು. ದಾರಿಯಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದರು. ಅವುಗಳಿಂದ ದೊಡ್ಡರೋಗ ಅಲ್ಲಿನ ದನಗಳಿಗೆ ಹರಡಿತು. ರೋಗಕ್ಕೆ ಗಡಿ ಇಲ್ಲ ಎಂದು ಆಗ ಎಲ್ಲರಿಗೂ ಗೊತ್ತಾಯಿತು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶದವರು ಸೇರಿ ಚರ್ಚೆ ಮಾಡಿದರು. ಲೆಕ್ಲೆಂಶ್ ಅವರು ಇದಕ್ಕಾಗಿ ತುಂಬಾ ದುಡಿದರು. 1924 ಜನವರಿ 25ರಂದು 28 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ರೋಗವಿಲ್ಲದ ಜಾಗದಲ್ಲಿ ದೊಡ್ಡರೋಗವೋ ಕಾಲುಬಾಯಿ ರೋಗವೋ ಕಂಡರೆ ಕೂಡಲೇ ಪ್ಯಾರಿಸ್ ಕಚೇರಿಗೆ ಟೆಲಿಗ್ರಾಂ ಕೊಡಬೇಕು ಎಂದು ನಿಯಮವಾಯಿತು.

1927ರಲ್ಲಿ ಲೆಕ್ಲೆಂಶ್ ಆ ಕಚೇರಿಯ ಮೊದಲ ನಿರ್ದೇಶಕರಾದರು. 1949ರ ವರೆಗೂ ನಡೆಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಬಂತು, ಇನ್ನು ಈ ಕಚೇರಿ ಯಾಕೆ, ಮುಚ್ಚುವ ಎಂಬ ಮಾತೂ ಬಂತು. ಸದಸ್ಯ ದೇಶಗಳು ಒಪ್ಪಲಿಲ್ಲ. ಈಗ ಅದೇ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ. ಭಾರತವೂ ಅದರಲ್ಲಿ ಉಂಟು.

ಲೆಕ್ಲೆಂಶ್ 1953ರಲ್ಲಿ ತೀರಿಕೊಂಡರು. ದೊಡ್ಡರೋಗದ ಕೊನೆ ನೋಡಲು ಅವರಿರಲಿಲ್ಲ. ಭಾರತದಲ್ಲಿ ಅದು 1995ರಲ್ಲಿ ಕೊನೆಯ ಸಲ ಕಂಡಿತು. 2011ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಿದರು. ಲಸಿಕೆ ಕಂಡುಹಿಡಿದವರು ಬೇರೆಯವರು, ಹಳ್ಳಿಹಳ್ಳಿಗೆ ಹೋಗಿ ಚುಚ್ಚಿದವರೂ ಬೇರೆಯವರು. ಆದರೆ ರೋಗ ಎಲ್ಲುಂಟು ಎಂದು ಗೊತ್ತಾಗದೆ ಲಸಿಕೆ ಎಲ್ಲಿ ಹಾಕುವುದು?

ಮೂಡುಬಿದಿರೆ ಕಂಬಳಕ್ಕೆ ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಕೋಣಗಳು ಬರುತ್ತವೆ. ಒಂದಕ್ಕೆ ಕಾಲುಬಾಯಿ ರೋಗ ಇದ್ದು ಅದನ್ನು ಅಡಗಿಸಿದರೆ ಎಷ್ಟು ಊರಿಗೆ ಹೋಗಬಹುದು, ಯೋಚಿಸಿ. ಒಂದು ವಿಷಯ ಹೇಳಲು ನನಗೆ ನಾಚಿಕೆಯಾಗುತ್ತದೆ. ನಮ್ಮ ದನದ ಬಾಯಲ್ಲಿ ಹುಣ್ಣಾದಾಗ ಹಾಲು ಯಾರೂ ತೆಗೆದುಕೊಳ್ಳಲಿಕ್ಕಿಲ್ಲ ಎಂದು ಹೆದರಿ ನಾವು ಎರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ನೆರೆಮನೆಯ ದನಕ್ಕೂ ಬಂತು. ದೇಶಗಳೇ ತಮ್ಮ ರೋಗವನ್ನು ಹೇಳಿಕೊಳ್ಳಲು ಕಲಿತವು. ನಾವೂ ಕಲಿಯೋಣ. ದನ ಹುಲ್ಲು ಬಿಟ್ಟು ಜೊಲ್ಲು ಸುರಿಸಿದರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸೋಣ. ಅದೇ ನಮ್ಮ ಟೆಲಿಗ್ರಾಂ.