ಕುಳಿತಲ್ಲೇ ವ್ಯಾಕರಣ ಬರೆದ ಲಿಂಡ್ಲಿ ಮರ್ರೆ

ಇಂಗ್ಲಿಷ್ ಟೆಸ್ಟಿನಲ್ಲಿ ಕ್ರಿಯಾವಿಶೇಷಣಗಳಿಗೆ ಅಡಿಗೆರೆ ಎಳೆಯಿರಿ ಎಂದಿತ್ತು. ನಾನು ಕೊನೆಯಲ್ಲಿ ‘ಲಿ’ ಇದ್ದ ಪದಗಳಿಗೆಲ್ಲಾ ಗೆರೆ ಎಳೆದುಬಿಟ್ಟೆ, ‘ಫ್ರೆಂಡ್ಲಿ’ಗೂ ಸಹ. ಮಾರ್ಕು ಹೋಯ್ತು. ಈ ಕಾಟ ಯಾರದಪ್ಪಾ ಎಂದು ಲೈಬ್ರರಿಯಲ್ಲಿ ಹುಡುಕಿದಾಗ ಸಿಕ್ಕಿದವನು ಲಿಂಡ್ಲಿ ಮರ್ರೆ.

ಹುಟ್ಟಿದ್ದು 1745ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ. ಕ್ವೇಕರ್ ಪಂಥದ ಮನೆತನ. ಅಪ್ಪ ಮುಂದೆ ನ್ಯೂಯಾರ್ಕಿನಲ್ಲಿ ದೊಡ್ಡ ವ್ಯಾಪಾರಿಯಾದ. ಹೇಳದೆ ಹೊರಗೆ ಹೋದದ್ದಕ್ಕೆ ಅಪ್ಪ ಶಿಕ್ಷಿಸಿದಾಗ ಹುಡುಗ ಮನೆಬಿಟ್ಟು ಓಡಿದ. ಎಲ್ಲಿಗೆ ಅಂತೀರಿ? ಬರ್ಲಿಂಗ್ಟನ್ನಿನ ಒಂದು ವಸತಿಶಾಲೆಗೆ, ಫ್ರೆಂಚ್ ಕಲಿಯೋಕೆ! ನಾವಾಗಿದ್ದರೆ ಮ್ಯಾಟಿನಿಗೆ ಹೋಗಿರುತ್ತಿದ್ದೆವು.

ಆಮೇಲೆ ವಕೀಲನಾದ, ವ್ಯಾಪಾರದಲ್ಲಿ ಹಣವನ್ನೂ ಮಾಡಿದ. ನಲವತ್ತರ ಹೊತ್ತಿಗೆ ಸ್ನಾಯುಗಳ ಶಕ್ತಿ ಕುಂದತೊಡಗಿತು. ಅಲ್ಲಿಯ ಹವೆ ಒಗ್ಗೀತೆಂದು 1784ರಲ್ಲಿ ಹೆಂಡತಿಯೊಡನೆ ಇಂಗ್ಲೆಂಡಿಗೆ ಬಂದು, ಯಾರ್ಕ್ ಪಕ್ಕದ ಹೋಲ್ಗೇಟಿನಲ್ಲಿ ನೆಲೆಸಿದ. ಕಾಯಿಲೆ ವಾಸಿಯಾಗಲಿಲ್ಲ. ಬರಬರುತ್ತಾ ನಡೆಯೋದೇ ನಿಂತುಹೋಯ್ತು. ಕುಳಿತಲ್ಲೇ ಓದು, ಕುಳಿತಲ್ಲೇ ಬರಹ.

ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯರು ಒಂದು ವ್ಯಾಕರಣ ಬರೆದುಕೊಡಿ ಎಂದು ಕೇಳಿಕೊಂಡರು. ಹಾಗೆ ಹುಟ್ಟಿದ ಪುಸ್ತಕ 1795ರಲ್ಲಿ ಅಚ್ಚಾಗಿ, ಇಂಗ್ಲೆಂಡ್ ಅಮೆರಿಕ ಎರಡರಲ್ಲೂ ಲಕ್ಷಗಟ್ಟಲೆ ಖರ್ಚಾಯಿತು. ಬಂದ ಲಾಭವನ್ನು ಆತ ದಾನಕ್ಕೆ ಬಿಟ್ಟ. ಎಲ್ಲವೂ ಸ್ವಂತದ್ದಲ್ಲ, ಬಿಷಪ್ ಲೌತ್ 1762ರಲ್ಲಿ ಬರೆದ ವ್ಯಾಕರಣದಿಂದ ಬೇಕಾದಷ್ಟು ತೆಗೆದುಕೊಂಡಿದ್ದಾನೆ. ತನ್ನದು ಸಂಗ್ರಹವೆಂದು ತಾನೇ ಒಪ್ಪಿಕೊಂಡಿದ್ದಾನೆ, ಅದು ದೊಡ್ಡತನ.

ನನ್ನ ಮಾರ್ಕಿನ ವಿಷಯಕ್ಕೆ ಬರೋಣ. ಕ್ರಿಯಾಪದಕ್ಕೋ ಗುಣವಾಚಕಕ್ಕೋ, ಒಮ್ಮೊಮ್ಮೆ ಇನ್ನೊಂದು ಕ್ರಿಯಾವಿಶೇಷಣಕ್ಕೋ ಸೇರಿ ಅದರ ರೀತಿ, ಸಂದರ್ಭ ತಿಳಿಸುವ ಪದವೇ ಕ್ರಿಯಾವಿಶೇಷಣ ಎಂದು ಮರ್ರೆ ವಿವರಿಸುತ್ತಾನೆ. ಅಂದರೆ ಪದದ ಬಾಲ ನೋಡಿದರೆ ಸಾಲದು, ಅದು ಯಾರ ಕೈ ಹಿಡಿದಿದೆ ನೋಡಬೇಕು. ನಮ್ಮ ಮುಂಬಯಿಯ ‘ಫಾಸ್ಟ್ ಲೋಕಲ್’ನಲ್ಲಿ ಫಾಸ್ಟ್ ಅನ್ನೋದು ಗಾಡಿಯ ಗುಣ, ‘ರನ್ಸ್ ಫಾಸ್ಟ್’ ಅಂದಾಗ ಅದೇ ಪದ ಓಟಕ್ಕೆ ಸೇರಿ ಕ್ರಿಯಾವಿಶೇಷಣ. ‘ವೆರಿ ಫಾಸ್ಟ್’ ಅಂದರೆ ವೆರಿಯೂ ಕ್ರಿಯಾವಿಶೇಷಣವೇ. ‘ಫ್ರೆಂಡ್ಲಿ ಮ್ಯಾನ್’ನಲ್ಲಿ ಫ್ರೆಂಡ್ಲಿ ಹಿಡಿದದ್ದು ಮನುಷ್ಯನ ಕೈ, ಆದ್ದರಿಂದ ಬರೀ ಗುಣವಾಚಕ. ‘ನಾಟ್’ ಕೂಡ ಇದೇ ಗುಂಪಿನಲ್ಲಿದೆ. ಬೇರೆಲ್ಲೂ ಜಾಗ ಸಿಗದವರನ್ನೆಲ್ಲಾ ಇಲ್ಲಿಗೇ ತುರುಕಿದ್ದಾರೇನೋ ಅಂತ ನನ್ನ ಗುಮಾನಿ.

ಕೊನೆಗಾಲದಲ್ಲಿ ವರ್ಷಗಟ್ಟಲೆ ಮನೆಯಿಂದ ಹೊರಬೀಳಲಾಗದೆ, 1826ರಲ್ಲಿ ಮರ್ರೆ ಹೋಲ್ಗೇಟಿನಲ್ಲೇ ತೀರಿಕೊಂಡ. ಅವನ ತೋಟದಲ್ಲಿದ್ದ ಪುಟ್ಟ ಮಂಟಪವನ್ನು ಆಮೇಲೆ ಯಾರ್ಕಿನ ಮೌಂಟ್ ಶಾಲೆಯ ಆವರಣಕ್ಕೆ ತಂದು ನಿಲ್ಲಿಸಿದರು.