ಆರ್ಥರ್ ಡವ್: ಕೋಳಿ ಸಾಕುತ್ತಾ ಚಿತ್ರ ಬರೆದವರು

ಡವ್ ಅಂದ ಕೂಡಲೇ ಹಿಂದಿನ ಬೆಂಚಿನವರು ನಗಬೇಡಿ. ಇಂಗ್ಲಿಷಿನಲ್ಲಿ ಅದು ಬೆಳವನ ಹಕ್ಕಿಯ ಹೆಸರು. ನಾವಿಲ್ಲಿ ಹೇಳುತ್ತಿರುವುದು ಆ ಮನೆತನದ ಹೆಸರಿನ ಅಮೆರಿಕದ ಚಿತ್ರಕಾರ ಆರ್ಥರ್ ಡವ್ ಅವರ ವಿಷಯ.

ಇವರು 1880ರ ಆಗಸ್ಟ್ 2ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದರು. ಬೆಳೆದದ್ದು ಅಲ್ಲಿನ ಜಿನೀವಾ ಎಂಬ ಊರಲ್ಲಿ. ತಂದೆಯವರದು ಇಟ್ಟಿಗೆ ತಯಾರಿಕೆ ಮತ್ತು ಕಟ್ಟಡದ ಕಂಟ್ರಾಕ್ಟು, ಅನುಕೂಲಸ್ಥರು. ನೆರೆಯ ನ್ಯೂಟನ್ ವೆದರ್ಲಿ ಎಂಬುವರು ತರಕಾರಿ ಬೆಳೆಯುತ್ತಿದ್ದರು, ಹವ್ಯಾಸಕ್ಕೆ ಚಿತ್ರವನ್ನೂ ಬರೆಯುತ್ತಿದ್ದರು. ಹುಡುಗನನ್ನು ಮೀನು ಹಿಡಿಯಲು ಕರೆದೊಯ್ಯುವರು, ತಾವು ಬರೆದು ಉಳಿದ ಕ್ಯಾನ್ವಾಸ್ ತುಂಡುಗಳನ್ನು ಅವನ ಕೈಗೆ ಕೊಡುವರು. ಡವ್ ಅವರ ಮೊದಲ ಗುರು ಇವರೇ ಅನ್ನಬಹುದು.

ಮಗ ವಕೀಲನಾಗಲಿ ಅಂತ ತಂದೆಯ ಆಸೆ. ಆದರೆ 1903ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಓದು ಮುಗಿಸಿದ ಮಗ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ನ್ಯೂಯಾರ್ಕ್ ನಗರಕ್ಕೆ ಹೋಗಿ ಪತ್ರಿಕೆಗಳಿಗೆ ಚಿತ್ರ ಬರೆಯತೊಡಗಿದರು. ಸಂಪಾದನೆ ಚೆನ್ನಾಗಿಯೇ ಇತ್ತು. 1908ರಲ್ಲಿ ಹೆಂಡತಿ ಫ್ಲಾರೆನ್ಸ್ ಜೊತೆ ಫ್ರಾನ್ಸಿಗೆ ಹೋಗಿ ಅಲ್ಲಿನ ಹೊಸ ಚಿತ್ರಗಳನ್ನು ನೋಡಿ ಬಂದ ಮೇಲೆ ಹಳೇ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

1910ರಲ್ಲಿ ಆರು ಸಣ್ಣ ತೈಲಚಿತ್ರ ಬರೆದರು. ಇದು ಮರ, ಇದು ಮನೆ ಅಂತ ಬೆರಳಿಟ್ಟು ತೋರಿಸಲಾಗದು, ಆಕಾರ ಮತ್ತು ಬಣ್ಣ ಅಷ್ಟೆ. ಇಂಥದ್ದಕ್ಕೆ ಅಮೂರ್ತ ಚಿತ್ರ ಅನ್ನುತ್ತಾರೆ. ಅಮೆರಿಕದವರೊಬ್ಬರು ಬರೆದ ಮೊದಲ ಅಮೂರ್ತ ಚಿತ್ರಗಳು ಇವೇ ಅಂತ ಅನೇಕರ ಅಭಿಪ್ರಾಯ. ಅದೇ ಕಾಲಕ್ಕೆ ಜರ್ಮನಿಯಲ್ಲಿದ್ದ ರಷ್ಯದ ಕಾಂಡಿನ್ಸ್ಕಿ ಕೂಡ ಅದೇ ದಾರಿಯಲ್ಲಿದ್ದರು. ಯಾರು ಮೊದಲು ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ, ಓಟದ ಪಂದ್ಯದ ಹಾಗೆ! ಡವ್ ಅವರಂತೂ ಆ ಆರನ್ನು ಬದುಕಿರುವವರೆಗೂ ಪ್ರದರ್ಶನಕ್ಕೇ ಇಡಲಿಲ್ಲ.

ಜನ ನೋಡಿದ್ದು 1912ರಲ್ಲಿ. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಎಂಬ ಹೆಸರಾಂತ ಫೋಟೋಗ್ರಾಫರ್ ಒಂದು ಪುಟ್ಟ ಚಿತ್ರಶಾಲೆ ನಡೆಸುತ್ತಿದ್ದರು. ಅದು ಮೊದಲಿದ್ದ ಕಟ್ಟಡದ ನಂಬರು 291, ಚಿತ್ರಶಾಲೆಯ ಹೆಸರೂ 291! ಅಲ್ಲಿ ಡವ್ ಅವರ ಬಣ್ಣದ ಸೀಮೆಸುಣ್ಣದಂಥ ಪೇಸ್ಟಲ್ ಕಡ್ಡಿಯ ಚಿತ್ರಗಳನ್ನು ಇಟ್ಟರು. ಜೋಡಿ ಕುದುರೆ ಎಂಬ ಚಿತ್ರದಲ್ಲಿ ಕುದುರೆ ಹುಡುಕಿದರೆ ಕಾಣದು. ಗರಗಸದ ಹಲ್ಲಿನಂಥ ಆಕಾರ, ಬಾಗಿದ ಗೆರೆ, ಎಳೆಯುವ ಜೋರು. ನೋಡಿದವರು ತಲೆ ಕೆರೆದುಕೊಂಡರು.

ಹೊಟ್ಟೆಪಾಡು? ಕನೆಕ್ಟಿಕಟ್ ರಾಜ್ಯದಲ್ಲಿ ಜಮೀನು ಮಾಡಿ ಕೋಳಿ ಸಾಕಿದರು, ಸಮುದ್ರದ ಸಿಗಡಿ ಹಿಡಿದರು. ದುಡಿದು ದುಡಿದು ಚಿತ್ರ ಬರೆಯಲು ಹೊತ್ತೇ ಸಿಗದಾಯ್ತು. ಮಗನಿಗೆ ತಿಂಗಳಿಗಿಷ್ಟು ಕೊಡಿ ಅಂತ ಸ್ಟೀಗ್ಲಿಟ್ಜ್ ತಾವೇ ತಂದೆಯ ಹತ್ತಿರ ಕೇಳಿದರು. ಈ ಹುಚ್ಚಿಗೆ ದುಡ್ಡು ಕೊಡಲಾರೆ ಎಂದು ತಂದೆ ಕೈ ಆಡಿಸಿಬಿಟ್ಟರು. ತಂದೆಯದು ತಪ್ಪು ಅಂತ ನಾವು ಸುಲಭವಾಗಿ ಹೇಳಬಹುದು. ಆದರೆ ಯಾರೂ ಕೊಳ್ಳದ ಚಿತ್ರ ಬರೆಯುವ ಮಗನನ್ನು ಕಂಡರೆ ಯಾವ ತಂದೆಗೆ ಭಯವಾಗದು?

1921ರಲ್ಲಿ ಸಂಸಾರವೂ ಒಡೆಯಿತು. ಫ್ಲಾರೆನ್ಸ್ ವಿಚ್ಛೇದನ ಕೊಡಲಿಲ್ಲ. ಮಗನನ್ನು ಕಾಣುವುದೂ ವರ್ಷಗಟ್ಟಲೆ ತಪ್ಪಿಹೋಯ್ತು. ಡವ್ ಅವರು ಹೆಲೆನ್ ಟಾರ್ ಎಂಬ ಚಿತ್ರಕಾರ್ತಿಯೊಂದಿಗೆ ದೋಣಿಯಲ್ಲೇ ಬಾಳತೊಡಗಿದರು. ಮೋನಾ ಎಂಬ 42 ಅಡಿಯ ಹಾಯಿದೋಣಿಯೇ ಮನೆ. ಅಡಿಗೆ, ನಿದ್ದೆ, ಚಿತ್ರ ಎಲ್ಲಾ ಅದರಲ್ಲೇ.

ಆಗಲೇ ಕೈಗೆ ಸಿಕ್ಕಿದ ವಸ್ತು ಅಂಟಿಸಿ ಚಿತ್ರ ಮಾಡಿದ್ದು. ಮೀನು ಹಿಡಿಯಲು ಹೊರಟಿದ್ದು ಎಂಬ 1925ರ ಕೃತಿಯಲ್ಲಿ ಬಿದಿರು ಮತ್ತು ಅಂಗಿಯ ತೋಳು! 1929ರ ಇನ್ನೊಂದು ಚಿತ್ರದಲ್ಲಿ, ಮಂಜು ಕವಿದಾಗ ಹಡಗುಗಳಿಗೆ ಊದುವ ಕೊಂಬಿನ ಸದ್ದನ್ನೇ ಬರೆದಿದ್ದಾರೆ. ಒಂದರೊಳಗೊಂದು ಸುತ್ತು. ಕೊಳಕ್ಕೆ ಕಲ್ಲೆಸೆದಾಗ ಏಳುತ್ತದಲ್ಲ, ಹಾಗೆ.

ಡಂಕನ್ ಫಿಲಿಪ್ಸ್ ಎಂಬ ಸಂಗ್ರಾಹಕರು 1926ರಿಂದ ಇವರ ಚಿತ್ರ ಕೊಂಡರು. 1930ರಿಂದ ತಿಂಗಳಿಗೆ 50 ಡಾಲರ್ ಕಳಿಸಿದರು. ಆ ಹಣ ತಡವಾದಾಗ ಮನೆಯಲ್ಲಿ ಪರದಾಟ. ಫ್ಲಾರೆನ್ಸ್ 1929ರಲ್ಲಿ ತೀರಿಕೊಂಡಿದ್ದರು, 1932ರಲ್ಲಿ ಡವ್ ಮತ್ತು ಹೆಲೆನ್ ಮದುವೆಯಾದರು. 1938ರಲ್ಲಿ ಲಾಂಗ್ ಐಲೆಂಡಿನ ಸೆಂಟರ್‌ಪೋರ್ಟಿನಲ್ಲಿ ಹಿಂದೆ ಅಂಚೆ ಕಚೇರಿಯಾಗಿದ್ದ ಪುಟ್ಟ ಮನೆ ಕೊಂಡರು. ಮರುವರ್ಷವೇ ಹೃದಯಾಘಾತ. ಹೆಚ್ಚು ಓಡಾಡುವಂತಿಲ್ಲ. ಆ ಮನೆಯಲ್ಲೇ ಕೂತು ಬರೆದರು. 1946ರ ನವೆಂಬರ್ 23ರಂದು ತೀರಿಕೊಂಡರು. ಸ್ಟೀಗ್ಲಿಟ್ಜ್ ಅದೇ ವರ್ಷ ಜುಲೈನಲ್ಲಿ ಹೋಗಿದ್ದರು.

ಹೆಲೆನ್ ಆಮೇಲೆ ಚಿತ್ರ ಬರೆಯಲೇ ಇಲ್ಲ. 1967ರಲ್ಲಿ ಅವರೂ ತೀರಿಕೊಂಡರು. ತನ್ನ ಚಿತ್ರಗಳನ್ನೆಲ್ಲ ನಾಶ ಮಾಡಿಬಿಡು ಅಂತ ಒಡಹುಟ್ಟಿದವಳಿಗೆ ಹೇಳಿದ್ದರು. ಆಕೆ ಮಾಡಲಿಲ್ಲ, ಹತ್ತಿರದ ಮ್ಯೂಸಿಯಂಗೆ ಕೊಟ್ಟುಬಿಟ್ಟರು.